ಮೂರೂವರೆ ಲಕ್ಷದ ಮಿತಿ, ಎದುರಿಗೆ ಮೂರು ಹಳೆಯ ಕಾರುಗಳು: ಯಾವುದನ್ನು ಕೊಳ್ಳಬೇಕು?

ಪ್ರಶ್ನೆ: ನಾನು ಜಗಳೂರು ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಶಿಕ್ಷಕಿ. ಮನೆ ದಾವಣಗೆರೆಯಲ್ಲಿದೆ. ದಿನಕ್ಕೆ ಹೋಗಿ ಬರುವ ದಾರಿ ಸುಮಾರು 60 ಕಿಲೋಮೀಟರ್. ಬಸ್ಸಿನ ಸಮಯ ಹೊಂದದ ಕಾರಣ ಸ್ಕೂಟರಿನಲ್ಲಿ ಓಡಾಡುತ್ತಿದ್ದೇನೆ. ಮಾವನವರಿಗೆ ಮಂಡಿನೋವು, ಅತ್ತೆಯವರನ್ನು ತಿಂಗಳಿಗೊಮ್ಮೆ ಆಸ್ಪತ್ರೆಗೆ ಕರೆದೊಯ್ಯಬೇಕು, ನನ್ನ ತವರು ಹೊಳಲ್ಕೆರೆ ಕಡೆ. ಒಂದು ಸಣ್ಣ ಕಾರು ಕೊಳ್ಳೋಣವೆಂದಿದ್ದೇವೆ. ಸೊಸೈಟಿ ಸಾಲವೂ ಸೇರಿ ನಮ್ಮ ಬಳಿ ಇರುವುದು ಮೂರೂವರೆ ಲಕ್ಷ ರೂಪಾಯಿ. ಮೂರು ಕಾರುಗಳನ್ನು ನೋಡಿದ್ದೇವೆ. ಒಂದು, 2014ರ ಡೀಸೆಲ್ ಕಾರು, ಮೀಟರಿನಲ್ಲಿ 78,000 ಕಿ.ಮೀ., ಬೆಲೆ 3.10 ಲಕ್ಷ. ಎರಡು, 2017ರ ದೆಹಲಿ ನೋಂದಣಿಯ ಪೆಟ್ರೋಲ್ ಕಾರು, 2.20 ಲಕ್ಷ. ಮೂರು, 2019ರ ಆರಂಭದ ವ್ಯಾಗನ್ ಆರ್ 1.0 ಪೆಟ್ರೋಲ್, ಕೆಎ-17 (ದಾವಣಗೆರೆ) ನೋಂದಣಿ, ಮೊದಲ ಮಾಲೀಕರದೇ, 62,000 ಕಿ.ಮೀ., 3.60 ಲಕ್ಷ ಕೇಳುತ್ತಿದ್ದಾರೆ. ದಿನವೂ ದೂರ ಓಡುವವರಿಗೆ ಡೀಸೆಲ್ಲೇ ಸರಿ ಎಂದು ಭಾವನವರು ಹೇಳುತ್ತಾರೆ. ಇಲ್ಲಿನ ಕಾರುಗಳ ಬದಲು ಬೆಂಗಳೂರಿನ ಕಾರು ತರಿಸಿ ಎನ್ನುವವರೂ ಇದ್ದಾರೆ. ಹದಿನೈದು ವರ್ಷವಾದರೆ ಕಾರನ್ನು ಗುಜರಿಗೆ ಹಾಕಲೇಬೇಕೆ? ಈಗಿನ ಎಥನಾಲ್ ಬೆರೆಸಿದ ಪೆಟ್ರೋಲಿನಿಂದ ಹಳೆಯ ಕಾರು ಕೆಡುತ್ತದೆಯೆ? ದಯವಿಟ್ಟು ದಾರಿ ತೋರಿಸಿ.

ಉತ್ತರ: ನೀವು ಮೂರು ಕಾರುಗಳ ವಿಷಯ ಕೇಳಿದ್ದರೂ ನಿಮ್ಮ ಪತ್ರದಲ್ಲಿರುವ ಆತಂಕ ಒಂದೇ. ಸಾಲ ಮಾಡಿ ಕೊಂಡ ಕಾರು ಪರೀಕ್ಷೆಯ ದಿನ ಬೆಳಿಗ್ಗೆ ನಡುದಾರಿಯಲ್ಲಿ ನಿಂತರೆ, ಅಥವಾ ಮೊದಲ ಆರು ತಿಂಗಳಲ್ಲೇ ಗ್ಯಾರೇಜಿಗೆ ಐವತ್ತು ಸಾವಿರ ಸುರಿಯಬೇಕಾಗಿ ಬಂದರೆ ಮನೆಯ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಈ ಆತಂಕ ನ್ಯಾಯವಾದದ್ದು. ದಾವಣಗೆರೆಯಲ್ಲಿ ಹಳೆಯ ಕಾರುಗಳನ್ನು ಕೊಳ್ಳುವ ಮುನ್ನ ಪರಿಶೀಲಿಸಿಕೊಡುವುದು ಮತ್ತು ಕೊಂಡ ಮೇಲೆ ದುರಸ್ತಿ ಮಾಡುವುದು ನನ್ನ ವೃತ್ತಿ. ನಾನು ಕಂಡಂತೆ, ಯಾವ ಕಂಪನಿ, ಯಾವ ಮಾದರಿ ಎಂಬ ಚರ್ಚೆಯಲ್ಲಿ ತಿಂಗಳುಗಟ್ಟಲೆ ಕಳೆಯುವವರೂ ಎದುರಿಗೆ ನಿಂತಿರುವ ಆ ಒಂದು ಕಾರನ್ನು ಸರಿಯಾಗಿ ನೋಡಲು ಅರ್ಧ ಗಂಟೆ ಕೊಡುವುದಿಲ್ಲ. ಹೊಸ ಕಾರಿನಲ್ಲಿ ಮಾದರಿ ಮುಖ್ಯ; ಹಳೆಯ ಕಾರಿನಲ್ಲಿ ಅದನ್ನು ಓಡಿಸಿದವರು ಹೇಗೆ ಇಟ್ಟುಕೊಂಡಿದ್ದರು ಎಂಬುದೇ ಮುಖ್ಯ. ಒಂದೇ ವರ್ಷ, ಒಂದೇ ಬಣ್ಣ, ಒಂದೇ ಮಾದರಿಯ ಎರಡು ಕಾರುಗಳಲ್ಲಿ ಒಂದು ಇನ್ನೂ ಎಂಟು ವರ್ಷ ನಿಶ್ಚಿಂತೆಯಿಂದ ಓಡುವಂತಿರುತ್ತದೆ, ಇನ್ನೊಂದು ಮುಂದಿನ ಮಳೆಗಾಲವನ್ನೂ ದಾಟುವಂತಿರುವುದಿಲ್ಲ.

ಮೊದಲು ಹಣದ ಮಿತಿಯನ್ನೇ ಸ್ವಲ್ಪ ತಿದ್ದಬೇಕು. ನಿಮ್ಮ ಬಳಿ ಮೂರೂವರೆ ಲಕ್ಷವಿದ್ದರೆ ನೀವು ಕೊಳ್ಳಬೇಕಾದ ಕಾರಿನ ಬೆಲೆ ಮೂರು ಲಕ್ಷದ ಆಸುಪಾಸಿನಲ್ಲಿರಬೇಕು. ಹೆಸರು ವರ್ಗಾವಣೆ, ವಿಮೆ, ಫಾಸ್ಟ್‌ಟ್ಯಾಗ್ ಇತ್ಯಾದಿಗಳಿಗೆ ಹತ್ತು ಹದಿನೈದು ಸಾವಿರ ಹೋಗುತ್ತದೆ. ಉಳಿದ ಮೂವತ್ತು ನಲವತ್ತು ಸಾವಿರವನ್ನು ಮೊದಲ ವರ್ಷದ ರಿಪೇರಿಗೆಂದೇ ಬೇರೆ ಇಡಬೇಕು. ಎಷ್ಟೇ ಒಳ್ಳೆಯ ಹಳೆಯ ಕಾರಾದರೂ ಹೊಸ ಮಾಲೀಕರ ಕೈಗೆ ಬಂದ ಮೇಲೆ ಆಯಿಲ್, ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ), ಬ್ರೇಕ್ ಪ್ಯಾಡು, ಬ್ಯಾಟರಿ, ಕೆಲವೊಮ್ಮೆ ಟಯರು, ಕ್ಲಚ್ಚು ಎಂದು ಒಂದಷ್ಟನ್ನು ಕೇಳಿಯೇ ಕೇಳುತ್ತದೆ. ಇರುವ ಹಣವನ್ನೆಲ್ಲ ಬೆಲೆಗೇ ಕೊಟ್ಟುಬಿಟ್ಟವರು ಈ ಕೆಲಸಗಳನ್ನು ಮುಂದೂಡುತ್ತಾರೆ. ಹಾಗೆ ಮುಂದೂಡಿದ ಸಣ್ಣ ಕೆಲಸವೇ ಆರು ತಿಂಗಳಲ್ಲಿ ದೊಡ್ಡ ಖರ್ಚಾಗುತ್ತದೆ.

ಇನ್ನು ಡೀಸೆಲ್ ಮಾತು. ಭಾವನವರ ಸಲಹೆಯಲ್ಲಿ ಹುರುಳಿಲ್ಲವೆಂದು ಹೇಳಲಾರೆ, ಅದನ್ನು ಲೆಕ್ಕ ಹಾಕಿಯೇ ನೋಡೋಣ. ಶಾಲೆಯ ದಿನಗಳು ವರ್ಷಕ್ಕೆ ಸುಮಾರು 220 ಎಂದುಕೊಂಡರೆ ನಿಮ್ಮ ಶಾಲೆಯ ದಾರಿಯೇ 13,200 ಕಿ.ಮೀ.; ಊರು, ಆಸ್ಪತ್ರೆ, ಮದುವೆ ಮುಂಜಿ ಸೇರಿ ವರ್ಷಕ್ಕೆ 16,000 ಎಂದಿಟ್ಟುಕೊಳ್ಳಿ. ಒಂದು ಲೀಟರಿನ ಸಣ್ಣ ಪೆಟ್ರೋಲ್ ಕಾರು ನಮ್ಮ ರಸ್ತೆಗಳಲ್ಲಿ ಲೀಟರಿಗೆ 18 ಕಿ.ಮೀ. ಕೊಡುತ್ತದೆಂದೂ ಪೆಟ್ರೋಲಿಗೆ 103 ರೂಪಾಯಿ ಎಂದೂ ಹಿಡಿದರೆ ವರ್ಷಕ್ಕೆ ಸುಮಾರು 92 ಸಾವಿರ ರೂಪಾಯಿ ಆಗುತ್ತದೆ. ಡೀಸೆಲ್ ಕಾರು ಲೀಟರಿಗೆ 21 ಕಿ.ಮೀ. ಕೊಟ್ಟು, ಡೀಸೆಲ್‌ಗೆ 91 ರೂಪಾಯಿ ಇದ್ದರೆ ಸುಮಾರು 69 ಸಾವಿರ. ಅಂದರೆ ವರ್ಷಕ್ಕೆ 22–23 ಸಾವಿರ ರೂಪಾಯಿ ಉಳಿತಾಯ. ಇದು ಸಣ್ಣ ಮೊತ್ತವಲ್ಲ. ಆದರೆ ಈ ಉಳಿತಾಯವನ್ನು ಕೊಡಬೇಕಾದ ಎಂಜಿನ್ನಿಗೆ ಹನ್ನೊಂದು ವರ್ಷ ದಾಟಿದೆ. ಟರ್ಬೊ, ಇಂಜೆಕ್ಟರುಗಳು, ಹೈ ಪ್ರೆಶರ್ ಪಂಪು ಇವುಗಳಲ್ಲಿ ಯಾವುದೊಂದು ಕೈಕೊಟ್ಟರೂ ಒಂದೂವರೆ ಎರಡು ವರ್ಷದ ಉಳಿತಾಯ ಒಂದೇ ಬಿಲ್ಲಿನಲ್ಲಿ ಹೋಗುತ್ತದೆ. ಡೀಸೆಲ್ ಕಾರಿನ ಮಾಮೂಲಿ ಸರ್ವಿಸ್ ಮತ್ತು ಕ್ಲಚ್ಚಿನ ಖರ್ಚೂ ಪೆಟ್ರೋಲಿಗಿಂತ ಹೆಚ್ಚು. ವರ್ಷಕ್ಕೆ 25 ಸಾವಿರ ಕಿ.ಮೀ. ಮೇಲೆ ಓಡುವವರಿಗೆ, ಅದೂ ಐದಾರು ವರ್ಷದೊಳಗಿನ ಕಾರಾದರೆ, ಡೀಸೆಲ್ ಲೆಕ್ಕ ಕೂಡಿಬರುತ್ತದೆ ಎಂಬುದು ನನ್ನ ಅಭಿಪ್ರಾಯ. ಮಾರುತಿ ಕಂಪನಿಯಂತೂ 2020ರ ಏಪ್ರಿಲ್‌ನಿಂದ ಡೀಸೆಲ್ ಕಾರುಗಳನ್ನೇ ನಿಲ್ಲಿಸಿದೆ. ಹೀಗಾಗಿ ಮಾರುಕಟ್ಟೆಯಲ್ಲಿರುವ ಸಣ್ಣ ಡೀಸೆಲ್ ಕಾರುಗಳು ವರ್ಷ ಕಳೆದಂತೆ ಹಳತಾಗುತ್ತಿವೆಯೇ ಹೊರತು ಅವುಗಳ ಜಾಗಕ್ಕೆ ಹೊಸವು ಬರುವುದು ತೀರಾ ವಿರಳ.

ಆ ಕಾರಿನ ಬಗ್ಗೆ ನನಗೆ ಇನ್ನೊಂದು ಸಂಶಯವಿದೆ. 2014ರಲ್ಲಿ ಡೀಸೆಲ್ ಕಾರಿಗೆ ಪೆಟ್ರೋಲಿಗಿಂತ ಲಕ್ಷದಷ್ಟು ಹೆಚ್ಚು ಹಣ ಕೊಟ್ಟು ಕೊಂಡವರು ಹೆಚ್ಚು ಓಡಿಸುವ ಉದ್ದೇಶದಿಂದಲೇ ಕೊಂಡಿರುತ್ತಾರೆ. ಅಂಥ ಕಾರು ವರ್ಷಕ್ಕೆ ಏಳು ಸಾವಿರದಂತೆ ಓಡಿ 78,000ದಲ್ಲಿ ನಿಂತಿದೆ ಎಂದರೆ ನಂಬುವ ಮೊದಲು ದಾಖಲೆ ಕೇಳಬೇಕು. ಮೀಟರನ್ನು ಹಿಂದಕ್ಕೆ ತಿರುಗಿಸುವುದು ಇಂದು ಲ್ಯಾಪ್‌ಟಾಪು ಇಟ್ಟುಕೊಂಡವರಿಗೆ ಕೆಲವೇ ನಿಮಿಷಗಳ ಕೆಲಸ. ಆದರೆ ಸ್ಟೀರಿಂಗ್‌ನ ಮೇಲ್ಭಾಗ ನುಣುಪಾಗಿ ಹೊಳೆಯುವುದನ್ನು, ಬ್ರೇಕ್ ಮತ್ತು ಕ್ಲಚ್ ಪೆಡಲುಗಳ ರಬ್ಬರು ಸವೆದಿರುವುದನ್ನು ಅಥವಾ ಅನುಮಾನ ಬರುವಷ್ಟು ಹೊಸದಾಗಿರುವುದನ್ನು, ಚಾಲಕರ ಸೀಟಿನ ಹೊರ ಅಂಚು ಕುಗ್ಗಿರುವುದನ್ನು ಅಷ್ಟು ಸುಲಭವಾಗಿ ಮರೆಮಾಡಲಾಗುವುದಿಲ್ಲ. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ನೋಂದಣಿ ಸಂಖ್ಯೆ ಕೊಟ್ಟು, ಮಾಲೀಕರನ್ನೇ ಜೊತೆಗೆ ಕರೆದೊಯ್ದು, ಹಿಂದಿನ ಪ್ರತಿ ಸರ್ವಿಸ್‌ನಲ್ಲಿ ಬರೆದ ಕಿಲೋಮೀಟರನ್ನು ನೋಡಿ. ಅದು ಏರುತ್ತ ಬಂದು ಎಲ್ಲೋ ಒಂದು ಕಡೆ ಇಳಿದಿದ್ದರೆ ಅಲ್ಲಿಗೆ ಮಾತು ಮುಗಿಯಿತು. ಇದಲ್ಲದೆ ಆ ಕಾರಿನ ನೋಂದಣಿ ಅವಧಿ 2029ಕ್ಕೆ ಮುಗಿಯುತ್ತದೆ. 3.10 ಲಕ್ಷ ಅದಕ್ಕೆ ತಕ್ಕ ಬೆಲೆಯಲ್ಲ. ಅದನ್ನು ಬಿಟ್ಟುಬಿಡಿ.

ಹದಿನೈದು ವರ್ಷದ ನಂತರ ಗುಜರಿಗೆ ಹಾಕಲೇಬೇಕು ಎಂಬುದು ನಮ್ಮ ರಾಜ್ಯದಲ್ಲಿ ಸತ್ಯವಲ್ಲ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಚಾಲ್ತಿಯಲ್ಲಿರುತ್ತದೆ. ಅನಂತರ ವಾಹನವನ್ನು ಪರೀಕ್ಷೆಗೆ ಒಡ್ಡಿ, ಅದು ಯೋಗ್ಯವೆಂದು ಕಂಡರೆ, ಐದೈದು ವರ್ಷಕ್ಕೆ ನವೀಕರಿಸಬಹುದು. ನವೀಕರಣದ ಶುಲ್ಕವನ್ನು 2022ರ ಏಪ್ರಿಲ್‌ನಿಂದ ಬಹಳ ಏರಿಸಲಾಗಿದೆ, ಹಸಿರು ತೆರಿಗೆಯೂ ಇದೆ. ಆದ್ದರಿಂದ ಹಳೆಯ ಕಾರಿನ ಬೆಲೆ ಹದಿನೈದನೆಯ ವರ್ಷ ಹತ್ತಿರವಾದಂತೆ ಬೇಗ ಕುಸಿಯುತ್ತದೆ. ಗುಜರಿಯ ಮಾತು ಹುಟ್ಟಿಕೊಂಡದ್ದು ದೆಹಲಿಯಿಂದ. ಅಲ್ಲಿ 10 ವರ್ಷ ದಾಟಿದ ಡೀಸೆಲ್ ಮತ್ತು 15 ವರ್ಷ ದಾಟಿದ ಪೆಟ್ರೋಲ್ ವಾಹನಗಳು ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆದೇಶಿಸಿತ್ತು. 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಆ ಆದೇಶಕ್ಕೆ ಈಚೆಗೆ ಮಾರ್ಪಾಡುಗಳಾಗಿದ್ದರೂ, ಅದರ ಭಯದಿಂದ ದೆಹಲಿಯ ಕಾರುಗಳು ಅಗ್ಗವಾಗಿ ದಕ್ಷಿಣಕ್ಕೆ ಹರಿದುಬಂದದ್ದು ನಿಜ.

ನೀವು ನೋಡಿದ ದೆಹಲಿ ಕಾರೂ ಅಂಥದ್ದೇ ಹರಿವಿನಲ್ಲಿ ಬಂದಿರಬಹುದು. 2.20 ಲಕ್ಷ ಎಂಬ ಬೆಲೆಗೆ ಮೋಹಗೊಳ್ಳುವ ಮುನ್ನ ಆ ಕಾರು ಕೆಎ-17 ಆಗುವವರೆಗಿನ ದಾರಿಯನ್ನು ನೋಡಿ. ದೆಹಲಿಯ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ, ದಾವಣಗೆರೆ ಆರ್‌ಟಿಒ ಹೆಸರಿಗೇ ಬಂದಿರಬೇಕು. ಅಲ್ಲಿನ ಸಾಲ, ದಂಡದ ಚಲನ್‌ಗಳು ತೀರಿರಬೇಕು. ಕರ್ನಾಟಕದ ಜೀವಾವಧಿ ತೆರಿಗೆಯನ್ನು ಕಟ್ಟಬೇಕು. ವಾಹನದ ವಯಸ್ಸಿಗೆ ತಕ್ಕಂತೆ ಅದರಲ್ಲಿ ಕಡಿತ ಸಿಕ್ಕರೂ ಅದು ಸಾವಿರಗಳಲ್ಲಿ ಮುಗಿಯುವ ಮಾತಲ್ಲ, ಹತ್ತಾರು ಸಾವಿರವಾಗುತ್ತದೆ. ಎಲ್ಲಕ್ಕಿಂತ ಕಷ್ಟದ ಸಂಗತಿ ಎಂದರೆ ಮೊದಲ ಮಾಲೀಕರು ದೂರದಲ್ಲಿದ್ದಾರೆ. ಕಾರು ಹೇಗೆ ಓಡಿತು, ಎಲ್ಲಿ ಡಿಕ್ಕಿ ಹೊಡೆಯಿತು, ಪ್ರವಾಹದ ನೀರಿನಲ್ಲಿ ನಿಂತಿತ್ತೆ ಎಂದು ಕೇಳಲು ನಿಮಗೆ ಮುಖಾಮುಖಿ ಯಾರೂ ಇಲ್ಲ. ಕಾಗದ ಪತ್ರಗಳ ವಿಷಯದಲ್ಲಿ ಓಡಾಡುವ ಸಮಯ ನಿಮಗಿಲ್ಲವಾದ್ದರಿಂದ ಇದನ್ನೂ ನಾನು ನಿಮಗೆ ಸೂಚಿಸುವುದಿಲ್ಲ.

ಬೆಂಗಳೂರಿನ ಕಾರು ಒಳ್ಳೆಯದು ಎಂಬ ನಂಬಿಕೆ ಅರ್ಧ ಸತ್ಯ. ಅಲ್ಲಿ ಕಂಪನಿ ಸರ್ವಿಸ್ ಮಾಡಿಸಿ ದಾಖಲೆ ಇಟ್ಟುಕೊಳ್ಳುವವರು ಹೆಚ್ಚು, ಆಯ್ಕೆಯೂ ಹೆಚ್ಚು. ಆದರೆ ಅಲ್ಲಿನ ವಾಹನ ದಟ್ಟಣೆಯಲ್ಲಿ 40,000 ಕಿ.ಮೀ. ಓಡಿದ ಕಾರಿನ ಎಂಜಿನ್ ಎಷ್ಟು ಗಂಟೆ ದುಡಿದಿರುತ್ತದೆಂದರೆ, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ದಾವಣಗೆರೆ–ಚಿತ್ರದುರ್ಗದ ನಡುವೆ ಓಡಾಡಿದ ಕಾರು ಅಷ್ಟೇ ಗಂಟೆಯಲ್ಲಿ ಅದರ ಎರಡರಷ್ಟು ದೂರ ಹೋಗಿರುತ್ತದೆ. ಕ್ಲಚ್ಚಿನ ಸವೆತ ಇನ್ನೂ ಬೇಗ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಬೆಳ್ಳಂದೂರು ಭಾಗಗಳಲ್ಲಿ ಮನೆಗಳ ನೆಲಮಾಳಿಗೆಗೇ ನೀರು ನುಗ್ಗಿದ್ದು ನಿಮಗೆ ನೆನಪಿರಬಹುದು. ನೀರಿನಲ್ಲಿ ಮುಳುಗಿದ ಕಾರುಗಳು ತೊಳೆದು, ಒಣಗಿಸಿ, ಹೊಸ ಸೀಟ್ ಕವರು ಹಾಕಿಕೊಂಡು ದೂರದ ಊರುಗಳ ಮಾರುಕಟ್ಟೆಗೆ ಬರುತ್ತವೆ. ಅದನ್ನು ಕಂಡುಹಿಡಿಯಲು ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಕೆಸರಿನ ಗುರುತು ನೋಡಿ. ಸೀಟಿನ ಕೆಳಗಿನ ಕಂಬಿಗಳಲ್ಲಿ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿಯಲ್ಲಿ ಮಣ್ಣು ಅಥವಾ ತುಕ್ಕು ಇದೆಯೆ ಎಂದು ಕೈ ಹಾಕಿ ನೋಡಿ. ಗಾಜುಗಳನ್ನೆಲ್ಲ ಏರಿಸಿ ಐದು ನಿಮಿಷ ಒಳಗೆ ಕುಳಿತು ವಾಸನೆ ಗ್ರಹಿಸಿ. ಸುಗಂಧದ ಡಬ್ಬಿ ಜೋರಾಗಿ ಘಮಘಮಿಸುತ್ತಿದ್ದರೆ ಅದನ್ನು ಹೊರಗಿಟ್ಟು ಮತ್ತೆ ನೋಡಿ. ಇದೇ ಪರೀಕ್ಷೆ ತುಂಗಭದ್ರೆಯ ದಂಡೆಯ ಹರಿಹರ, ಹೊನ್ನಾಳಿ ಕಡೆಯ ಕಾರುಗಳಿಗೂ ಅನ್ವಯಿಸುತ್ತದೆ.

ನಮ್ಮ ಭಾಗದ ಕಾರುಗಳಿಗೆ ಅವುಗಳದೇ ಆದ ಕಾಯಿಲೆಗಳಿವೆ. ಇವನ್ನು ವಿವರವಾಗಿ ಹೇಳಬೇಕು, ಏಕೆಂದರೆ ಹೊರಗಿನ ತಪಾಸಣೆಯವರು ಇವನ್ನು ಸಾಮಾನ್ಯವಾಗಿ ನೋಡುವುದಿಲ್ಲ. ಸುಗ್ಗಿಯ ಕಾಲದಲ್ಲಿ ಜಗಳೂರು, ಚಳ್ಳಕೆರೆ, ಹೊಸದುರ್ಗ ಕಡೆ ರಾಗಿ, ಹುರುಳಿ, ತೊಗರಿಯನ್ನು ರಸ್ತೆಯ ಮೇಲೆಯೇ ಹರಡಿ ಒಕ್ಕಣೆ ಮಾಡುತ್ತಾರೆ. ಅದರ ಮೇಲೆ ಹಾದು ಹೋದ ಕಾರಿನ ಮುಂದಿನ ಆಕ್ಸಲ್‌ಗೆ (ಚಕ್ರ ತಿರುಗಿಸುವ ದಂಡ) ಹುಲ್ಲು ಬಿಗಿಯಾಗಿ ಸುತ್ತಿಕೊಂಡು, ಆಕ್ಸಲ್‌ನ ರಬ್ಬರ್ ಬೂಟನ್ನು (ಹೊದಿಕೆಯನ್ನು) ಹರಿಯುತ್ತದೆ, ಆಯಿಲ್ ಸೀಲನ್ನು ಕೆಡಿಸುತ್ತದೆ. ಸೈಲೆನ್ಸರಿನ ಬಿಸಿಗೆ ಹತ್ತಿಕೊಂಡು ಕಾರೇ ಸುಟ್ಟುಹೋಗುವ ಅಪಾಯವೂ ಇದೆ. ಕಾರನ್ನು ರ‍್ಯಾಂಪಿನ ಮೇಲೆ ಏರಿಸಿ ಕೆಳಗಿನಿಂದ ನೋಡಿದಾಗ ಬೂಟು ಹರಿದು ಗ್ರೀಸು ಸಿಡಿದ ಗುರುತು ಕಂಡರೆ, ಮತ್ತು ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ನಿಧಾನವಾಗಿ ಓಡಿಸಿದಾಗ ಕಟಕಟ ಸದ್ದು ಬಂದರೆ, ಆಕ್ಸಲ್ ಜಾಯಿಂಟು ಹೋಗಿದೆ ಎಂದು ತಿಳಿಯಿರಿ. ನೀವೂ ಕಾರು ಕೊಂಡ ಮೇಲೆ ಅಂಥ ಹುಲ್ಲಿನ ಮೇಲೆ ಹೋಗಬೇಕಾಗಿ ಬಂದರೆ, ದಾಟಿದ ಕೂಡಲೇ ಒಮ್ಮೆ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿ.

ಎರಡನೆಯದು ಬೋರ್‌ವೆಲ್ ನೀರು. ರೇಡಿಯೇಟರಿನಲ್ಲಿ ನೀರು ಕಡಿಮೆಯಾದಾಗ ತೋಟದ ಬೋರ್‌ವೆಲ್ ನೀರನ್ನೇ ಸುರಿಯುವ ಅಭ್ಯಾಸ ನಮ್ಮಲ್ಲಿದೆ. ಈ ಭಾಗದ ಗಡಸು ನೀರಿನ ಲವಣ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಂಡು, ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ಎಂಜಿನ್ ಕಾಯುತ್ತದೆ. ಕಾದ ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ ಎಂಬ ಒಳಪದರ ಸುಡುತ್ತದೆ. ಎಂಜಿನ್ ತಣ್ಣಗಿರುವಾಗ ಮಾತ್ರ ರೇಡಿಯೇಟರಿನ ಮುಚ್ಚಳ ತೆಗೆಸಿ ನೋಡಿ. ಹಸಿರು, ಕೆಂಪು ಅಥವಾ ನೀಲಿ ಬಣ್ಣದ ತಿಳಿ ಕೂಲೆಂಟ್ ಇರಬೇಕು. ತುಕ್ಕಿನ ಬಣ್ಣದ ನೀರೋ, ಅಂಚಿನಲ್ಲಿ ಬಿಳಿಯ ಲವಣವೋ ಕಂಡರೆ ಆ ಕಾರನ್ನು ಅಲ್ಲಿಯೇ ಬಿಡುವುದು ಲೇಸು. ಮೆಕ್ಕೆಜೋಳದ ಗೋದಾಮು, ಕಣದ ಬಳಿ ನಿಲ್ಲಿಸಿದ ಕಾರುಗಳಲ್ಲಿ ಇಲಿಗಳು ವೈರಿಂಗ್ ಕಡಿಯುವುದು ಮೂರನೆಯ ತೊಂದರೆ. ಬಾನೆಟ್ ಒಳಗೆ ಇನ್ಸುಲೇಷನ್ ಟೇಪ್ ಸುತ್ತಿದ ವೈರುಗಳು ಹೆಚ್ಚಾಗಿ ಕಂಡರೆ ಕಾರಣ ಕೇಳಿ.

ಇನ್ನು ಮೂರನೆಯ ಕಾರು. ನಿಮ್ಮ ಅಗತ್ಯಕ್ಕೆ 2019ರ ವ್ಯಾಗನ್ ಆರ್ ಚೆನ್ನಾಗಿ ಹೊಂದುತ್ತದೆ. ಸೀಟು ಎತ್ತರದಲ್ಲಿರುವುದರಿಂದ ಮಂಡಿನೋವಿನವರು ಬಗ್ಗದೆ ನೇರವಾಗಿ ಕುಳಿತುಕೊಳ್ಳಬಹುದು. ಬಿಡಿಭಾಗ ದಾವಣಗೆರೆಯಲ್ಲಷ್ಟೇ ಅಲ್ಲ, ಜಗಳೂರಿನಲ್ಲೂ ಸಿಗುತ್ತದೆ. ಆರು ವರ್ಷಕ್ಕೂ ಮೀರಿದ ಅವಧಿಗೆ 62,000 ಕಿ.ಮೀ. ಎಂಬುದೂ ಸಹಜವಾದ ಅಂಕಿ. ಅದರ ಕೊರತೆಗಳನ್ನೂ ಹೇಳಬೇಕು. ಎತ್ತರದ, ಹಗುರವಾದ ಕಾರಾದ್ದರಿಂದ ಆಷಾಢದ ಗಾಳಿಯಲ್ಲಿ ಚಿತ್ರದುರ್ಗದ ಗಾಳಿಯಂತ್ರಗಳ ಗುಡ್ಡಗಳ ಬಳಿ ಹೆದ್ದಾರಿಯಲ್ಲಿ ವೇಗವಾಗಿ ಹೋದರೆ ಪಕ್ಕಕ್ಕೆ ಎಳೆದಂತಾಗುತ್ತದೆ. ಸುರಕ್ಷತೆಯಲ್ಲಿ, ಕಾರುಗಳನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸುವ ಗ್ಲೋಬಲ್ ಎನ್‌ಸಿಎಪಿ ಸಂಸ್ಥೆಯ 2019ರ ಪರೀಕ್ಷೆಯಲ್ಲಿ ಇದಕ್ಕೆ ಐದರಲ್ಲಿ ಎರಡು ತಾರೆಗಳಷ್ಟೇ ದೊರೆತವು. ಟಾಟಾ ಟಿಯಾಗೊಗೆ 2020ರಲ್ಲಿ ನಾಲ್ಕು ದೊರೆತವು. ವ್ಯಾಗನ್ ಆರ್‌ನ ಕೆಳಗಿನ ಮಾದರಿಗಳಲ್ಲಿ ಪಕ್ಕದ ಸೀಟಿನ ಏರ್‌ಬ್ಯಾಗ್ ಆಗ ಕಡ್ಡಾಯವಾಗಿರಲಿಲ್ಲವಾದ್ದರಿಂದ, ನೀವು ನೋಡಿದ ಕಾರಿನಲ್ಲಿ ಅದು ಇದೆಯೆ ಎಂದು ತಿಳಿದುಕೊಳ್ಳಿ. ಒಂಟಿಯಾಗಿ ಹೋಗುವಾಗ ಇದು ಮುಖ್ಯವೆನಿಸದು. ಮಾವನವರು ಮುಂದೆ ಕುಳಿತಾಗ ಮುಖ್ಯವಾಗುತ್ತದೆ.

ಈ ಕಾರಿಗೆ ಸಂಬಂಧಿಸಿ ಒಂದು ಕೆಲಸ ತಪ್ಪದೆ ಮಾಡಿ. 2018ರ ನವೆಂಬರ್ 15ರಿಂದ 2019ರ ಆಗಸ್ಟ್ 12ರವರೆಗೆ ತಯಾರಾದ ವ್ಯಾಗನ್ ಆರ್ 1.0 ಕಾರುಗಳನ್ನು ಇಂಧನದ ಹೋಸ್ ಪೈಪಿನ ಪರಿಶೀಲನೆಗಾಗಿ ಕಂಪನಿಯೇ 2019ರಲ್ಲಿ ಹಿಂದಕ್ಕೆ ಕರೆಸಿತ್ತು. ಅನಂತರ 2020ರ ಜುಲೈನಲ್ಲಿ, 2018ರ ನವೆಂಬರಿನಿಂದ 2019ರ ಅಕ್ಟೋಬರ್ ನಡುವಿನ ಕಾರುಗಳನ್ನು ಫ್ಯುಯೆಲ್ ಪಂಪಿಗಾಗಿ ಮತ್ತೆ ಕರೆಸಿತು. 2019ರ ಆರಂಭದ ಕಾರು ಎರಡೂ ಅವಧಿಗೆ ಸೇರುತ್ತದೆ. ಚಾಸಿ ನಂಬರು ಕೊಟ್ಟರೆ ಅಧಿಕೃತ ಸರ್ವಿಸ್ ಸೆಂಟರಿನವರು ಆ ಕೆಲಸ ಆಗಿದೆಯೆ ಎಂದು ಹೇಳುತ್ತಾರೆ. ಆಗಿರದಿದ್ದರೆ ಮಾಡಿಕೊಡಿ ಎಂದು ಕೇಳಿ.

ಬೆಲೆಯ ಮಾತಿಗೆ ಕುಳಿತಾಗ ನಿಮ್ಮ ಕೈಯಲ್ಲಿ ಒಂದು ಬಲವಾದ ಕಾರಣವಿದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಹೊಸ ವ್ಯಾಗನ್ ಆರ್‌ನ ಆರಂಭಿಕ ಮಾದರಿಯ ಶೋರೂಂ ಬೆಲೆ ಆಗ ಐದು ಲಕ್ಷದ ಆಸುಪಾಸಿಗೆ ಬಂತು. ಹೊಸದರ ಬೆಲೆ ಇಳಿದ ಮೇಲೆ ಹಳೆಯದರ ಬೆಲೆಯೂ ಇಳಿಯಲೇಬೇಕು, ಆದರೆ ಮಾರುವವರ ಮನಸ್ಸಿನಲ್ಲಿ ಇನ್ನೂ ಹಳೆಯ ಲೆಕ್ಕವೇ ಇರುತ್ತದೆ. 3.60 ಎಂದು ಕೇಳಿದ್ದನ್ನು 3.15ರ ಸುತ್ತಮುತ್ತ ತರಲು ಪ್ರಯತ್ನಿಸಿ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. 0819 ಎಂದಿದ್ದರೆ ಅದು 2019ರ ಎಂಟನೆಯ ವಾರದ್ದು, ಅಂದರೆ ಕಾರಿನ ಜೊತೆಗೇ ಬಂದದ್ದು. ಅಂಥ ಟಯರುಗಳಲ್ಲಿ ಗೆರೆ ಉಳಿದಿದ್ದರೂ ರಬ್ಬರು ಒಣಗಿರುತ್ತದೆ. ಹೊಸ ನಾಲ್ಕು ಟಯರಿನ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ ಎಂದು ಸಂಕೋಚವಿಲ್ಲದೆ ಕೇಳಬಹುದು.

ಕಾರನ್ನು ನೋಡಲು ಬೆಳಿಗ್ಗೆ ಹೋಗಿ, ಮೊದಲೇ ಸ್ಟಾರ್ಟ್ ಮಾಡಬೇಡಿರೆಂದು ಹೇಳಿಡಿ. ಬಾನೆಟ್ ಮುಟ್ಟಿ ನೋಡಿ, ಬಿಸಿಯಾಗಿದ್ದರೆ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ಸಂಶಯಪಡಿ. ತಣ್ಣಗಿನ ಎಂಜಿನ್ ಒಮ್ಮೆ ಕೀಲಿ ತಿರುಗಿಸಿದೊಡನೆಯೇ ಹತ್ತಿಕೊಂಡು ಕೆಲವು ಕ್ಷಣಗಳಲ್ಲಿ ಸಮನಾಗಿ ಓಡಬೇಕು. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಸೋರುತ್ತಿದೆ. ಎರಡೂ ದೊಡ್ಡ ಖರ್ಚುಗಳೇ. ಅಪಘಾತದ ಗುರುತಿಗೆ ಹೊರಗಿನ ಬಣ್ಣಕ್ಕಿಂತ ಒಳಗಿನ ಜಾಗಗಳನ್ನು ನೋಡುವುದು ಒಳ್ಳೆಯದು. ಬಾನೆಟ್ ಮತ್ತು ಬಾಗಿಲುಗಳ ಬೋಲ್ಟಿನ ಮೇಲೆ ಸ್ಪ್ಯಾನರ್ ಆಡಿದ ಗುರುತು, ಬಾಗಿಲಿನ ರಬ್ಬರು ಎಳೆದಾಗ ಕಾಣುವ ಕಂಬದ ಮೇಲೆ ಕಂಪನಿಯ ದುಂಡನೆಯ ವೆಲ್ಡಿಂಗ್ ಚುಕ್ಕೆಗಳು ಇಲ್ಲದಿರುವುದು, ಡಿಕ್ಕಿಯ ತಳದಲ್ಲಿ ಸುಕ್ಕು ಇವು ದೊಡ್ಡ ಟಿಂಕರಿಂಗ್ ಕೆಲಸ ಆಗಿದೆ ಎಂಬುದಕ್ಕೆ ಸಾಕ್ಷಿ. ಬಂಪರಿನ ಗೀರು, ಬಾಗಿಲಿನ ಸಣ್ಣ ತಗ್ಗು ಚಿಂತಿಸುವ ವಿಷಯವೇ ಅಲ್ಲ. ವಿಮೆಯ ಕಾಗದದಲ್ಲಿ ನೋ ಕ್ಲೇಮ್ ಬೋನಸ್ (ಪರಿಹಾರ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ) ಎಷ್ಟೆಂದು ಓದಿ. ಕ್ಲೇಮಿಲ್ಲದೆ ಐದು ವರ್ಷ ಕಳೆದ ಕಾರಿಗೆ ಅದು ಶೇ 50 ಇರುತ್ತದೆ, ಸೊನ್ನೆ ಇದ್ದರೆ ಹಿಂದಿನ ವರ್ಷ ಏನೋ ಆಗಿರಬಹುದು, ಕಾರಣ ಕೇಳಿ. ಆ ಬೋನಸ್ ಮಾಲೀಕರಿಗೆ ಸೇರಿದ್ದು, ಕಾರಿನ ಜೊತೆ ನಿಮಗೆ ಬರುವುದಿಲ್ಲ ಎಂಬುದನ್ನೂ ತಿಳಿದಿರಿ.

ಓಡಿಸಿ ನೋಡುವಾಗ ಪಿ.ಬಿ. ರಸ್ತೆಯ ಗದ್ದಲದಲ್ಲಿ ಒಂದು ಸುತ್ತು, ಬೈಪಾಸಿನಲ್ಲಿ ಒಂದು ಸುತ್ತು, ಕೆಟ್ಟ ಮಣ್ಣು ರಸ್ತೆಯಲ್ಲಿ ಒಂದು ಸುತ್ತು, ಹೀಗೆ ಮೂರೂ ಆಗಬೇಕು. ಗದ್ದಲದಲ್ಲಿ ಕ್ಲಚ್ಚು ಮತ್ತು ಎಸಿ, ಬೈಪಾಸಿನಲ್ಲಿ ಸ್ಟೀರಿಂಗಿನ ಅದುರುವಿಕೆ ಮತ್ತು ಬ್ರೇಕು, ಮಣ್ಣಿನ ರಸ್ತೆಯಲ್ಲಿ ಸಸ್ಪೆನ್ಷನ್ನಿನ ಸದ್ದು ಗೊತ್ತಾಗುತ್ತದೆ. ಆಗ ಕಾರಿನಲ್ಲಿ ಹಾಡು ಹಾಕಬೇಡಿ. ಕೊನೆಗೆ ನಿಮ್ಮ ಪರಿಚಯದ ಮೆಕ್ಯಾನಿಕ್ ಬಳಿ ಎಂಜಿನ್ನಿನ ದೋಷ ತೋರಿಸುವ ಸ್ಕ್ಯಾನರ್ ಹಾಕಿಸಿ, ರ‍್ಯಾಂಪಿಗೆ ಏರಿಸಿ ನೋಡಿಸಿ. ಮಾರುವವರು ಇದಕ್ಕೆ ಒಪ್ಪದಿದ್ದರೆ ಬೆಲೆ ಎಷ್ಟೇ ಕಡಿಮೆ ಇರಲಿ, ಮನೆಗೆ ಹೊರಡಿ. ತಪಾಸಣೆ ಮಾಡುವವರಿಗೆ ಮಾರುವವರಿಂದ ಕಮಿಷನ್ ಹೋಗುವಂತಿರಬಾರದು. ಬ್ರೋಕರ್ ತೋರಿಸಿದ ಗ್ಯಾರೇಜಿಗೆ ಹೋಗದಿರುವುದಕ್ಕೆ ಇದೇ ಕಾರಣ.

ವ್ಯಾಗನ್ ಆರ್ ಬೆಲೆ ಇಳಿಯದಿದ್ದರೆ ಅದಕ್ಕೇ ಅಂಟಿಕೊಳ್ಳಬೇಕಾಗಿಲ್ಲ. 2016ರಿಂದ 2019ರ ನಡುವಿನ ಮಾರುತಿ ಸೆಲೆರಿಯೊ, ಹ್ಯುಂಡೈ ಗ್ರ್ಯಾಂಡ್ ಐ10 ಪೆಟ್ರೋಲ್, ಟಾಟಾ ಟಿಯಾಗೊ ಪೆಟ್ರೋಲ್ ಇವುಗಳಲ್ಲಿ ದಾಖಲೆ ಸರಿಯಿರುವ ಯಾವುದಾದರೂ ನಿಮಗೆ ಆಗುತ್ತದೆ. ಗ್ರ್ಯಾಂಡ್ ಐ10 ಹೆದ್ದಾರಿಯಲ್ಲಿ ಹೆಚ್ಚು ಸ್ಥಿರ. ಗೇರು ಕೈಯಿಂದ ಹಾಕುವ ಮಾದರಿಯನ್ನೇ ಆರಿಸಿ. ತಾನೇ ಗೇರು ಬದಲಿಸುವ ಹಳೆಯ ಎಎಂಟಿ ಕಾರುಗಳ ಗೇರ್ ಯಂತ್ರ ಕೆಟ್ಟರೆ ರಿಪೇರಿ ಮಾಡುವವರು ಸಣ್ಣ ಊರುಗಳಲ್ಲಿ ವಿರಳ. ಇಲ್ಲಿ ಮಾರಾಟ ನಿಲ್ಲಿಸಿದ ಷೆವರ್ಲೆ, ದಾಟ್ಸನ್ ಕಾರುಗಳು ಬಹಳ ಅಗ್ಗವಾಗಿ ಸಿಗುತ್ತವೆ. ಓಡಿಸಲು ಅವು ಕೆಟ್ಟವೇನಲ್ಲ. ಆದರೆ ಒಂದು ಬಿಡಿಭಾಗಕ್ಕಾಗಿ ವಾರಗಟ್ಟಲೆ ಕಾಯುವುದು ದಿನವೂ ಶಾಲೆಗೆ ಹೋಗಬೇಕಾದ ನಿಮಗೆ ಆಗದು. ಮೊದಲ ಮಾಲೀಕರ ಕಾರೇ ಬೇಕೆಂಬ ಹಟವೂ ಬೇಡ. ಎಲ್ಲ ಬಿಲ್ಲುಗಳನ್ನೂ ಇಟ್ಟುಕೊಂಡ ಎರಡನೆಯ ಮಾಲೀಕರ ಕಾರು ಒಂದೂ ಬಿಲ್ಲಿಲ್ಲದ ಮೊದಲ ಮಾಲೀಕರ ಕಾರಿಗಿಂತ ಮೇಲು.

ನೀವು ಕೇಳದಿದ್ದರೂ ಒಂದು ಆಯ್ಕೆಯನ್ನು ಸೂಚಿಸಬೇಕು. ಕಂಪನಿಯೇ ಅಳವಡಿಸಿದ ಸಿಎನ್‌ಜಿ ಕಾರು ಕೆ.ಜಿ.ಗೆ 25 ಕಿ.ಮೀ. ಕೊಟ್ಟು, ಕೆ.ಜಿ.ಗೆ 90 ರೂಪಾಯಿ ಎಂದು ಹಿಡಿದರೆ ನಿಮ್ಮ ವರ್ಷದ ಇಂಧನ ಖರ್ಚು ಸುಮಾರು 58 ಸಾವಿರಕ್ಕೆ ಇಳಿಯುತ್ತದೆ. ಡೀಸೆಲ್‌ಗಿಂತಲೂ ಕಡಿಮೆ! ಆದರೆ ಡಿಕ್ಕಿಯ ಜಾಗವೆಲ್ಲ ಸಿಲಿಂಡರಿಗೆ ಹೋಗುತ್ತದೆ, ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆಗೆ ಕೊಡಬೇಕು, ಕಾರಿನ ಬೆಲೆಯೂ ಹೆಚ್ಚು. ನಿಮ್ಮ ದಾರಿಯಲ್ಲೇ ಸಿಎನ್‌ಜಿ ಬಂಕ್ ಇದ್ದು, ಬೆಳಗಿನ ಸಾಲಿನಲ್ಲಿ ಕಾಯದೆ ತುಂಬಿಸಿಕೊಳ್ಳುವಂತಿದ್ದರೆ ಮಾತ್ರ ಇದನ್ನು ಯೋಚಿಸಿ. ಹೊರಗಡೆ ಕಿಟ್ ಹಾಕಿಸಿ ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ನಮೂದಿಸದ ಕಾರನ್ನು ಮಾತ್ರ ಮುಟ್ಟಬೇಡಿ. ಅವಘಡವಾದರೆ ವಿಮೆ ಕೈಕೊಡುತ್ತದೆ.

ಎಥನಾಲ್ ಬಗ್ಗೆ ಹೇಳುವುದಾದರೆ, 2023ರ ಏಪ್ರಿಲ್‌ಗೆ ಮುಂಚಿನ ಬಹುತೇಕ ಕಾರುಗಳು ಶೇ 20 ಎಥನಾಲಿಗೆಂದು ರೂಪಿಸಿದವಲ್ಲ. ಮೈಲೇಜು ಸ್ವಲ್ಪ ತಗ್ಗುತ್ತದೆ, ಹಳೆಯ ರಬ್ಬರ್ ಪೈಪುಗಳು ಬೇಗ ಒಣಗಬಹುದು. ಎಥನಾಲ್ ತೇವವನ್ನು ಹೀರುವುದರಿಂದ ತಿಂಗಳುಗಟ್ಟಲೆ ನಿಂತ ಕಾರಿಗೆ ತೊಂದರೆ ಹೆಚ್ಚು. ನಿಮ್ಮ ಕಾರು ದಿನವೂ ಓಡುತ್ತದೆ. ಸರ್ವಿಸ್‌ಗೆ ಬಿಟ್ಟಾಗ ಇಂಧನದ ಪೈಪುಗಳನ್ನು ನೋಡಲು ಹೇಳಿದರೆ ಸಾಕು.

ಕಾಗದ ಪತ್ರಗಳಲ್ಲಿ ಯಾರ ಮೇಲಿನ ದಾಕ್ಷಿಣ್ಯಕ್ಕೂ ಒಳಗಾಗಬೇಡಿ. ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಹಾಕಿ ಮಾಲೀಕರ ಕ್ರಮಸಂಖ್ಯೆ, ವಿಮೆ, ಸಾಲದ ನಮೂದು, ಬಾಕಿ ಚಲನ್ ಎಲ್ಲವನ್ನೂ ನೋಡಿ. ಸಾಲ ತೀರಿದೆ ಎಂದು ಬಾಯಲ್ಲಿ ಹೇಳಿದರೆ ಸಾಲದು. ಬ್ಯಾಂಕಿನ ಪತ್ರ ಮತ್ತು ಫಾರಂ 35 ಕೊಟ್ಟು ಆರ್‌ಸಿಯಲ್ಲಿ ಎಚ್‌ಪಿ (ಸಾಲದ ನಮೂದು) ಕ್ಯಾನ್ಸಲ್ ಆಗಿರಬೇಕು. ಚಾಸಿ ಮತ್ತು ಎಂಜಿನ್ ನಂಬರನ್ನು ಕಾರಿನ ಮೇಲೆಯೇ ಓದಿ ಆರ್‌ಸಿಯೊಡನೆ ಹೋಲಿಸಿ. 2019ರ ಏಪ್ರಿಲ್‌ಗೆ ಮುಂಚೆ ನೋಂದಣಿಯಾದ ಕಾರಾದರೆ ಎಚ್‌ಎಸ್‌ಆರ್‌ಪಿ (ಹೆಚ್ಚಿನ ಭದ್ರತೆಯ ನಂಬರ್) ಫಲಕ ಹಾಕಿಸಿದ್ದಾರೆಯೆ ಎಂದೂ ನೋಡಿ. ಹೆಸರು ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಖಾಲಿ ಸಹಿ ಹಾಕಿಕೊಟ್ಟು "ಆಮೇಲೆ ವರ್ಗಾಯಿಸಿಕೊಳ್ಳಿ" ಎನ್ನುವ ಓಪನ್ ಪೇಪರ್ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ದಾಖಲೆಯಲ್ಲಿ ಹೆಸರಿರುವವರೇ ಮಾಲೀಕರು, ಅಪಘಾತದ ಹೊಣೆಯೂ ಅವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದರಿಂದ ವರ್ಗಾವಣೆ ಬೇಗ ಆಗುವುದು ಮಾರುವವರಿಗೂ ಹಿತ. ಹಾಗೆಂದೇ ಅವರಿಗೆ ತಿಳಿಸಿ ಹೇಳಿ. ಕಾಯ್ದೆಯ ಪ್ರಕಾರ ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಕೊಡಬೇಕು. ಇಲ್ಲವಾದರೆ ನಿಮ್ಮ ಕಾರಿಗಾದ ಹಾನಿಗೆ ಪರಿಹಾರ ಸಿಗುವುದು ಕಷ್ಟ.

ಮುಂಗಡವಾಗಿ ಐದು ಸಾವಿರಕ್ಕಿಂತ ಹೆಚ್ಚು ಕೊಡಬೇಡಿ, ಅದಕ್ಕೂ "ತಪಾಸಣೆಯಲ್ಲಿ ದೋಷ ಕಂಡರೆ ಹಿಂದಿರುಗಿಸಲಾಗುವುದು" ಎಂದು ಬರೆಸಿದ ರಸೀದಿ ಇರಲಿ. ಉಳಿದ ಹಣವನ್ನು ಬ್ಯಾಂಕಿನ ಮೂಲಕವೇ, ಆರ್‌ಸಿಯಲ್ಲಿ ಹೆಸರಿರುವವರ ಖಾತೆಗೇ ಹಾಕಿ. ಕಾರು ತೆಗೆದುಕೊಳ್ಳುವ ದಿನ ಡೆಲಿವರಿ ನೋಟ್‌ನಲ್ಲಿ ದಿನಾಂಕದ ಜೊತೆ ಗಂಟೆ, ನಿಮಿಷ ಮತ್ತು ಮೀಟರಿನ ಕಿಲೋಮೀಟರನ್ನೂ ಬರೆಸಿ ಇಬ್ಬರೂ ಸಹಿ ಮಾಡಿ, ಎರಡನೆಯ ಕೀಲಿಯನ್ನು ಕೇಳಿ ಪಡೆಯಿರಿ, ಮತ್ತು ಅವರ ಫಾಸ್ಟ್‌ಟ್ಯಾಗನ್ನು ಅಲ್ಲಿಯೇ ಕೀಳಿಸಿಕೊಂಡು ಹೊರಡಿ.